ಗಿಟಾರ್ ಪಿಕಪ್ ವೈರಿಂಗ್: ಬೆಸುಗೆ ಐರನ್ ಕಾಯಿಸುವ ಮೊದಲು ಹಾಳೆ ಮೇಲೆ ಬರೆಯಿರಿ

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಓಣಿಗೆ ರೇಡಿಯೋ ರಿಪೇರಿ ಮಾಡುವ ಕಾಕಾ ಒಬ್ಬರಿದ್ದಾರೆ. ಮೊದಲ ಸಲ ಗಿಟಾರ್ ಬಿಚ್ಚಿ, ಹೊಸ ಹಂಬಕರ್ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವುದು ಪಿಕಪ್, ಅದರಲ್ಲಿ ಎರಡು ಕಾಯಿಲ್ ಅಂದರೆ ವೈರ್ ಸುರುಳಿ ಇದ್ದರೆ ಹಂಬಕರ್) ಹಿಡಿದುಕೊಂಡು ಅವರ ಹತ್ತಿರ ಹೋದಾಗ ಅವರು ನನ್ನ ಕೈಗೆ ಕೊಟ್ಟಿದ್ದು ಪೆನ್ನು. "ಮೊದ್ಲ ಹಾಳಿ ಮ್ಯಾಲ ಬರಿ ತಮ್ಮಾ, ಆಮ್ಯಾಲ ಕಾಸು" ಅಂದರು. ಆವತ್ತಿನಿಂದ ನಾನು ಹಾಗೇ ಮಾಡುತ್ತಿದ್ದೇನೆ.

ಏನು ಬರೆಯಬೇಕು? ಸರ್ಕ್ಯೂಟ್ ಆಮೇಲೆ. ಮೊದಲು ನಿಮಗೆ ಬೇಕಾದ ಸೌಂಡ್ ಬರೆಯಿರಿ. ಒಂದು ವಾರ ಎಂದಿನಂತೆ ನುಡಿಸಿ, ಪಿಕಪ್ ಆರಿಸುವ ಸ್ವಿಚ್ ಯಾವ ಜಾಗದಲ್ಲಿ ಜಾಸ್ತಿ ನಿಲ್ಲುತ್ತೆ ಅಂತ ಗಮನಿಸಿ. ಇಪ್ಪತ್ತು ಸೌಂಡ್ ಕೊಡುವ ಡಯಾಗ್ರಾಂ ನೆಟ್‌ನಲ್ಲಿ ಬೇಕಾದಷ್ಟು ಸಿಗುತ್ತವೆ, ಆದರೆ ಗಣಪತಿ ಪೆಂಡಾಲ್‌ನಲ್ಲಿ ಪಲ್ಲವಿ ಮುಗಿದು ಸೋಲೋ ಶುರುವಾಗುವ ಹೊತ್ತಿಗೆ ಮೂರು ಪುಟ್ಟ ಸ್ವಿಚ್ ಹುಡುಕಿ ಒತ್ತುವಷ್ಟು ಸಮಯ ಯಾರಿಗಿದೆ? ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಗಿಟಾರ್ 1954ರಲ್ಲಿ ಬಂದಾಗ ಮೂರೇ ಜಾಗದ ಸ್ವಿಚ್ ಇತ್ತು. ನುಡಿಸುವವರು ಅದನ್ನು ನಡುನಡುವೆ ಸಿಕ್ಕಿಸಿ ಎರಡು ಪಿಕಪ್ ಒಟ್ಟಿಗೆ ಬರುವ ಸೌಂಡ್ ತೆಗೆಯುತ್ತಿದ್ದರು. ಫೆಂಡರ್ ಐದು ಜಾಗದ ಸ್ವಿಚ್ ಹಾಕಿದ್ದು 1977ರಲ್ಲಿ. ಅಂದರೆ ಮೊದಲು ಬೇಕು ಅನ್ನಿಸಿದ್ದು ಸೌಂಡ್, ಸ್ವಿಚ್ ಅದರ ಹಿಂದೆ ಬಂತು.

ನನ್ನ ಗಿಟಾರ್‌ನಲ್ಲಿ ಬ್ರಿಡ್ಜ್ (ತಂತಿ ಕೂರುವ ಕೆಳಗಿನ ಲೋಹದ ಭಾಗ) ಹತ್ತಿರ ಹಂಬಕರ್, ನಡುವೆ ಮತ್ತು ನೆಕ್ (ಗಿಟಾರ್ ಕತ್ತು) ಹತ್ತಿರ ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್. ಹಾಳೆ ಮೇಲೆ ಬರೆದದ್ದು ಇಷ್ಟೇ: ಸ್ವಿಚ್‌ನ ಜಾಗ 1ರಲ್ಲಿ ಪೂರ್ತಿ ಹಂಬಕರ್, 2ರಲ್ಲಿ ಹಂಬಕರ್‌ನ ಒಂದೇ ಕಾಯಿಲ್ ಜೊತೆಗೆ ನಡುವಿನದು, 3ರಲ್ಲಿ ನಡುವಿನದು, 4ರಲ್ಲಿ ನಡು ಮತ್ತು ನೆಕ್, 5ರಲ್ಲಿ ನೆಕ್. ಇದಕ್ಕೆ ಹೊಸ ಸ್ವಿಚ್ ಬೇಕಾಗಿಲ್ಲ. ಐದು ಜಾಗದ ಮಾಮೂಲಿ ಸ್ವಿಚ್‌ಗೆ ಎರಡು ಭಾಗ ಇರುತ್ತವೆ, ಒಂದು ಪಿಕಪ್ ಆರಿಸುತ್ತದೆ, ಇನ್ನೊಂದು ಟೋನ್ ಪಾಟ್‌ಗಳನ್ನು (ಟೋನ್ ತಿರುಗಿಸುವ ನಾಬ್ ಕೆಳಗಿನ ರೆಸಿಸ್ಟರ್) ಆರಿಸುತ್ತದೆ. ಎಲ್ಲಾ ಪಿಕಪ್‌ಗೂ ಒಂದೇ ಟೋನ್ ಸಾಕು ಅಂತ ತೀರ್ಮಾನ ಮಾಡಿದರೆ ಎರಡನೇ ಭಾಗ ಪೂರ್ತಿ ಖಾಲಿ. ಅದರ ಕಾಮನ್ ಪಿನ್ (ಉಳಿದ ಪಿನ್‌ಗಳಿಗೆ ಸರದಿಯಲ್ಲಿ ಸೇರುವ ಪಿನ್) ಗ್ರೌಂಡ್‌ಗೆ, ಅಂದರೆ ಸಿಗ್ನಲ್ ವಾಪಸ್ ಹೋಗುವ ಕಡೆಗೆ, ಹಾಕಿ. ಹಂಬಕರ್‌ನ ಎರಡು ಕಾಯಿಲ್ ಸೇರುವ ಜೋಡು ವೈರನ್ನು ಅದೇ ಭಾಗದ ನಡುವಿನ ಪಿನ್‌ಗೆ ಹಾಕಿ. 2ಕ್ಕೆ ಬಂದ ಕೂಡಲೇ ಒಂದು ಕಾಯಿಲ್ ತಾನಾಗಿಯೇ ಸುಮ್ಮನಾಗುತ್ತದೆ. 3 ಮತ್ತು 4ರಲ್ಲೂ ಆ ಜೋಡು ಗ್ರೌಂಡ್ ಆಗುತ್ತದೆ, ಆದರೆ ಆಗ ಬ್ರಿಡ್ಜ್ ಪಿಕಪ್ಪೇ ಕೇಳುವುದಿಲ್ಲ, ಹಾಗಾಗಿ ತೊಂದರೆ ಇಲ್ಲ. ಉಳಿದ ಇನ್ನೊಂದು ಟೋನ್ ಪಾಟ್ ಜಾಗದಲ್ಲಿ ನಾನು ಪುಶ್‌ಪುಲ್ ಪಾಟ್ (ಎಳೆದು ಒತ್ತುವ ಸ್ವಿಚ್ ಜೊತೆಗಿರುವ ಪಾಟ್) ಹಾಕಿ, ಅದನ್ನು ಎಳೆದರೆ ನೆಕ್ ಪಿಕಪ್ ಯಾವಾಗಲೂ ಸೇರಿಕೊಳ್ಳುವಂತೆ ಮಾಡಿದೆ. ಬ್ರಿಡ್ಜ್ ಮತ್ತು ನೆಕ್ ಒಟ್ಟಿಗೆ, ಮೂರೂ ಒಟ್ಟಿಗೆ, ಹೀಗೆ ಎರಡು ಹೊಸ ಸೌಂಡ್ ಸಿಕ್ಕವು. ಕೆಲವು ಸ್ವಿಚ್‌ಗಳಲ್ಲಿ 8 ಪಿನ್ ಒಂದೇ ಸಾಲಿನಲ್ಲಿರುತ್ತವೆ, ಯಾವುದು ಕಾಮನ್ ಅಂತ ಮಲ್ಟಿಮೀಟರ್ ಬೀಪ್ ಇಟ್ಟು ನೋಡಿಕೊಳ್ಳಿ.

ಈಗ ವೈರ್ ಬಣ್ಣ. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಸೆಮೋರ್ ಡಂಕನ್ ಕಂಪನಿಯ ಪಿಕಪ್‌ನಲ್ಲಿ ಕಪ್ಪು ಹಾಟ್ (ಸಿಗ್ನಲ್ ಹೊರಗೆ ಕೊಡುವ ವೈರ್), ಕೆಂಪು ಬಿಳಿ ಜೋಡು, ಹಸಿರು ಗ್ರೌಂಡ್. ಡಿಮಾರ್ಜಿಯೋ ಕಂಪನಿಯದರಲ್ಲಿ ಕೆಂಪು ಹಾಟ್, ಕಪ್ಪು ಬಿಳಿ ಜೋಡು, ಹಸಿರು ಗ್ರೌಂಡ್. ನಾನು ತಂದ ಪಿಕಪ್‌ನ ಚೀಟಿಯಲ್ಲಿ ಇದ್ದ ಬಣ್ಣಕ್ಕೂ ಒಳಗಿದ್ದ ವೈರಿಗೂ ತಾಳೆಯೇ ಆಗಲಿಲ್ಲ. ಚೀಟಿ ಬದಿಗಿಟ್ಟು ಮೀಟರ್ ಹಿಡಿದೆ. ನಾಲ್ಕು ವೈರ್‌ಗಳಲ್ಲಿ ಯಾವ ಎರಡರ ನಡುವೆ ಸುಮಾರು 4ಕೆ (4 ಸಾವಿರ) ಓಮ್ ತೋರಿಸುತ್ತದೋ ಅದು ಒಂದು ಕಾಯಿಲ್, ಉಳಿದೆರಡು ಇನ್ನೊಂದು. ಎರಡನ್ನೂ ಸೀರೀಸ್‌ನಲ್ಲಿ ಸೇರಿಸಿದರೆ 8ಕೆ, ಪ್ಯಾರಲಲ್ ಮಾಡಿದರೆ 2ಕೆ. ಆಮೇಲೆ ಮುಳ್ಳಿನ ಮೀಟರನ್ನು ಸಣ್ಣ ಡಿಸಿ ರೇಂಜಿಗೆ ಇಟ್ಟು ಕಾಯಿಲ್‌ನ ಎರಡು ವೈರ್‌ಗೆ ಹಚ್ಚಿ, ಸ್ಕ್ರೂಡ್ರೈವರ್ ತುದಿಯನ್ನು ಪಿಕಪ್ ತಲೆಗೆ ಅಂಟಿಸಿ ಪಟ್ಟನೆ ಎತ್ತಿ. ಮುಳ್ಳು ಬಲಕ್ಕೆ ಹಾರಿತೋ ಎಡಕ್ಕೋ ಬರೆದುಕೊಳ್ಳಿ. ಮೂರೂ ಪಿಕಪ್‌ನಲ್ಲಿ, ಹಂಬಕರ್‌ನ ಎರಡೂ ಕಾಯಿಲ್‌ನಲ್ಲಿ ಒಂದೇ ಕಡೆ ಹಾರಬೇಕು. ಹಾರದಿದ್ದರೆ ಫೇಸ್ (ಸಿಗ್ನಲ್ ಏರಿಳಿಯುವ ದಿಕ್ಕು) ಉಲ್ಟಾ, ಎರಡು ಸೇರಿದಾಗ ಸೌಂಡ್ ತೆಳ್ಳಗೆ, ಮೂಗಿನಲ್ಲಿ ಹಾಡಿದ ಹಾಗೆ ಬರುತ್ತದೆ. ಆಗ ಆ ಕಾಯಿಲ್‌ನ ಎರಡು ವೈರ್ ಅದಲು ಬದಲು ಮಾಡಿ. ಮೇಲೆ ಹೊದಿಕೆ ಇಲ್ಲದ ಬರಿ ವೈರ್ ಮಾತ್ರ ಏನೇ ಆದರೂ ಗ್ರೌಂಡ್‌ಗೇ.

ಫೇಸ್ ಸರಿ ಇದ್ದೂ 2ನೇ ಜಾಗದಲ್ಲಿ ಗುಂಯ್ ಅನ್ನುತ್ತಿದ್ದರೆ ತಪ್ಪು ಕಾಯಿಲ್ ಉಳಿದಿದೆ ಅಂತ ಅರ್ಥ. ಆಗ ಎರಡನೇ ಭಾಗದ ಕಾಮನ್ ಪಿನ್ ಅನ್ನು ಗ್ರೌಂಡ್‌ನಿಂದ ಬಿಡಿಸಿ, ಬ್ರಿಡ್ಜ್ ಪಿಕಪ್‌ನ ಹಾಟ್ ವೈರ್ ಕೂತಿರುವ ಪಿನ್‌ಗೆ ಹಾಕಿ. ಔಟ್‌ಪುಟ್‌ಗೆ ಹಾಕಬೇಡಿ, ಹಾಕಿದರೆ 3 ಮತ್ತು 4ರಲ್ಲೂ ಬ್ರಿಡ್ಜ್ ಕೇಳಿಸುತ್ತದೆ. ನಡುವಿನ ಪಿಕಪ್‌ಗೆ ಮ್ಯಾಗ್ನೆಟ್ ವಿರುದ್ಧವಾಗಿರುವ ಕಾಯಿಲ್ ಉಳಿದಾಗಲೇ ಗುಂಯ್ ನಿಲ್ಲುವುದು. ಯಾವ ಕಾಯಿಲ್ ಬದುಕಿದೆ ಅಂತ ತಿಳಿಯಲು ಆಂಪ್ ಹಚ್ಚಿ, ಹಂಬಕರ್‌ನ ಎರಡು ಸಾಲನ್ನೂ ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ತಟ್ಟಿ. ಒಂದು ಸಾಲು ಟಕ್ ಅನ್ನುತ್ತದೆ, ಇನ್ನೊಂದು ಸುಮಾರಾಗಿ ಮೌನ.

ಪಾಟ್ ವಿಷಯ. ಹಂಬಕರ್‌ಗೆ 500ಕೆ, ಸಿಂಗಲ್ ಕಾಯಿಲ್‌ಗೆ 250ಕೆ ರೂಢಿ. ಪಾಟ್‌ನ ಓಮ್ ಕಡಿಮೆಯಾದಷ್ಟೂ ಟ್ರೆಬಲ್ ಕುಗ್ಗುತ್ತದೆ. ಎರಡೂ ಇದ್ದಾಗ ನಾನು 500ಕೆ ಹಾಕಿ, ನಡು ಮತ್ತು ನೆಕ್ ಪಿಕಪ್‌ಗಳ ಹಾಟ್ ಮತ್ತು ಗ್ರೌಂಡ್ ನಡುವೆ ಒಂದೊಂದು 470ಕೆ ರೆಸಿಸ್ಟರ್ ಹಾಕುತ್ತೇನೆ, ಆಗ ಅವಕ್ಕೆ ಸುಮಾರು 242ಕೆ ಕಂಡಂತಾಗುತ್ತದೆ. 4ರಲ್ಲಿ ಎರಡೂ ರೆಸಿಸ್ಟರ್ ಸೇರಿ 160ಕೆ ಆಗಿ ಸೌಂಡ್ ಸ್ವಲ್ಪ ಮಂಕಾಗುತ್ತದೆ, ನನಗದು ಹಿತ. ಟೋನ್‌ಗೆ 0.022 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಾಕು. ಪಾಟ್ ಕೊಳ್ಳುವಾಗ ತೂತಿನ ಅಳತೆ ನೋಡಿ, ಅಮೆರಿಕದ ಪಾಟ್ ಅಗ್ಗದ ಗಿಟಾರ್‌ನ ತೂತಿಗೆ ಕೂರುವುದಿಲ್ಲ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಬ್ರಿಡ್ಜ್‌ನಿಂದ ಗ್ರೌಂಡ್‌ಗೆ ಹೋಗುವ ವೈರ್ ಇರಲೇಬೇಕು, ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾಗುವುದು ಅದರಿಂದಲೇ. ಅಂದರೆ ನಿಮ್ಮ ಬೆರಳು ಆಂಪ್‌ನ ಅರ್ಥಿಂಗ್‌ಗೆ ಸೇರಿಕೊಂಡಿರುತ್ತದೆ. ಪೆಂಡಾಲ್‌ನಲ್ಲಿ ಜನರೇಟರ್, ಸೀರಿಯಲ್ ಲೈಟು, ಮೈಕಿಗೆ ಬೇರೆ ಲೈನು, ಹಾಗಾಗಿ ಶಾಕ್ ಹೊಡೆಯುವ ಭಯ ಇರುತ್ತದೆ. ಹಾಡುವ ಮೊದಲು ಮೀಟರನ್ನು ಎಸಿ ರೇಂಜಿಗೆ ಇಟ್ಟು ಒಂದು ತುದಿ ಗಿಟಾರ್ ತಂತಿಗೆ, ಇನ್ನೊಂದು ಮೈಕ್ ಜಾಳಿಗೆಗೆ ಹಚ್ಚಿ. ಹತ್ತಾರು ವೋಲ್ಟ್ ತೋರಿಸಿದರೆ ಗಿಟಾರ್ ಕೆಳಗಿಟ್ಟು ಲೈನ್‌ಮ್ಯಾನ್ ಕರೆಯಿರಿ, ಕಾರ್ಯಕ್ರಮ ತಡವಾದರೂ ಪರವಾಗಿಲ್ಲ.

ಬೆಸುಗೆ ಎಲ್ಲಾ ಮುಗಿದ ಮೇಲೆ ಪ್ಲೇಟ್ ಮುಚ್ಚುವ ಮೊದಲೇ ಸ್ವಿಚ್‌ನ ಐದೂ ಜಾಗದಲ್ಲಿ ಪಿಕಪ್ ತಟ್ಟಿ ನೋಡಿ. ಪಾಟ್ ಬೆನ್ನಿಗೆ 25 ವ್ಯಾಟ್ ಐರನ್ ಕಾವು ಸಾಲುವುದಿಲ್ಲ, 40 ಅಥವಾ 60 ವ್ಯಾಟ್ ತಗೊಳ್ಳಿ, ಬೆನ್ನನ್ನು ಮರಳು ಕಾಗದದಿಂದ ಉಜ್ಜಿಕೊಳ್ಳಿ. ಆ ಹಾಳೆ ಎಸೆಯಬೇಡಿ. ಕೊನೆಗೆ ಹಾಕಿದ ಬಣ್ಣ, ಬದಲಿಸಿದ ಪಿನ್ ಎಲ್ಲಾ ತಿದ್ದಿ, ತಾರೀಖು ಬರೆದು ಗಿಟಾರ್ ಚೀಲದ ಜೇಬಿಗೆ ಹಾಕಿಡಿ.