ಧಾರವಾಡ ಬಿಡುವ ಮುನ್ನ ಹಾಕಿದ ಲೆಕ್ಕ

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ, ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದೆ. ಪುಣೆ ಹತ್ತಿರದ ಚಾಕಣದಿಂದ ಆಫರ್ ಲೆಟರ್ ಬಂತು. ನನ್ನ ಕಣ್ಣು ಮೊದಲು ಹೋದದ್ದು ಮೊತ್ತದ ಕಡೆಗೆ. ಹೆಂಡತಿ ಪೂರ್ತಿ ಓದಿ ಕೇಳಿದಳು: ‘ಮನಿ ಮಂದೀನೆಲ್ಲಾ ಕರಕೊಂಡು ಬಾ ಅಂತ ಇದರಾಗ ಎಲ್ಲೆ ಬರದಾರ್ರೀ?’

ಆ ಪ್ರಶ್ನೆಯಿಂದಲೇ ದಾರಿ ಸಿಕ್ಕಿತು. ನಾನು ಕೆಲಸ ಒಪ್ಪುವುದು ಒಂದು ತೀರ್ಮಾನ, ಮನೆ ಕಿತ್ತುಕೊಂಡು ಹೋಗುವುದು ಇನ್ನೊಂದು. ಎರಡನ್ನೂ ಬೇರೆಬೇರೆ ನೋಡೋಣ, ಒಂದಕ್ಕೆ ಹೂಂ ಅಂದ ಮಾತ್ರಕ್ಕೆ ಇನ್ನೊಂದಕ್ಕೂ ಹೂಂ ಆಗುವುದಿಲ್ಲ ಎಂದು ಮಾತಾಯಿತು.

ಮೊದಲು ದುಡ್ಡು. ಇಲ್ಲಿ ನನ್ನ ಸಿಟಿಸಿ, ಅಂದರೆ ಕಂಪನಿ ನನ್ನ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು, 9.6 ಲಕ್ಷ, ಅಲ್ಲಿ 14 ಲಕ್ಷ. ತಿಂಗಳಿಗೆ 36 ಸಾವಿರ ಹೆಚ್ಚು ಎಂದು ಮನಸ್ಸು ಕುಣಿಯಿತು. ಆಮೇಲೆ ಬಿಡಿಸುತ್ತ ಹೋದೆ. 1.4 ಲಕ್ಷ ವೇರಿಯಬಲ್, ಅಂದರೆ ಕಂಪನಿಯ ವರ್ಷ ಚೆನ್ನಾಗಿ ಹೋದರೆ ಬಂತು. ಮಾಲೀಕರ ಪಾಲಿನ ಪಿಎಫ್ ಮೂಲ ವೇತನದ ಶೇ 12, ಗ್ರಾಚ್ಯುಟಿಗೆಂದು ಶೇ 4.81, ಇನ್ಶೂರೆನ್ಸ್ ಕಂತು, ಎಲ್ಲವೂ ಆ 14ರೊಳಗೇ. ಕೈಗೆ ಬರುವ ಸಂಬಳ ಇಲ್ಲಿ 69 ಸಾವಿರ, ಅಲ್ಲಿ 89 ಸಾವಿರದ ಆಸುಪಾಸು. 36 ಇದ್ದದ್ದು 20ಕ್ಕೆ ಇಳಿಯಿತು. ಧಾರವಾಡದಲ್ಲಿ ಸ್ವಂತ ಮನೆ. ಚಾಕಣದ ಹತ್ತಿರದ ಮೋಶಿಯಲ್ಲಿ ಎರಡು ಕೋಣೆಯ ಫ್ಲ್ಯಾಟಿಗೆ 20 ಸಾವಿರದ ಮೇಲೆ ಬಾಡಿಗೆ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಬಾಡಿಗೆ ಭತ್ಯೆಯ ವಿನಾಯಿತಿಯೂ ಇಲ್ಲ. ಅಲ್ಲಿಗೆ ಹೆಚ್ಚುವರಿ ದುಡ್ಡು ಬಾಡಿಗೆಗೇ ಸರಿಹೋಯಿತು.

ಇನ್ನು ಹೆಂಡತಿಯ ಗಳಿಕೆ. ಆಕೆ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ, ಇಬ್ಬರು ಹೆಂಗಸರು ಜೊತೆಗೆ ಕೆಲಸ ಮಾಡುತ್ತಾರೆ, ಕೇಳಿದವರಿಗೆ ಕಸೂತಿಯನ್ನೂ ಹಾಕಿಸಿ ಕೊಡುತ್ತಾಳೆ. ನೆಂಟರು ಇದನ್ನು ‘ಮನ್ಯಾಗ ಕುಂತು ಏನೋ ಹೊಲೀತಾಳ’ ಅನ್ನುತ್ತಾರೆ. ಆಕೆಯ ಆರ್ಡರ್ ಬುಕ್ ತೆಗೆದು ವರ್ಷದ ಸರಾಸರಿ ಹಾಕಿದೆವು. ಶ್ರಾವಣದಿಂದ ದೀಪಾವಳಿವರೆಗೆ, ಮತ್ತೆ ಲಗ್ಗಣದ ಸೀಜನ್ನಿನಲ್ಲಿ ಬರುವುದನ್ನು ಹನ್ನೆರಡು ತಿಂಗಳಿಗೆ ಹಂಚಿದರೆ, ಜೊತೆಗಾರರ ಕೂಲಿ ಕಳೆದು, ತಿಂಗಳಿಗೆ 14 ಸಾವಿರ. ಹುಬ್ಬಳ್ಳಿ ಪೇಟೆಯಿಂದ ಅಸ್ತರು, ಲೇಸು ತರುವ ಬಸ್ ಖರ್ಚು ಕೂಡ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಇಲ್ಲವಾಗಿತ್ತು. ಗಿರಾಕಿಗಳನ್ನು ಲಾರಿಗೆ ಹಾಕಿಕೊಂಡು ಹೋಗಲಾಗುವುದಿಲ್ಲ. ಹೊಸ ಊರಿನಲ್ಲಿ ಒಂದು ವರ್ಷವಾದರೂ ಆ ದುಡ್ಡು ಸೊನ್ನೆ ಎಂದೇ ಬರೆದುಕೊಂಡೆವು. ಒಟ್ಟಾರೆ ಮೊದಲ ವರ್ಷ ತಿಂಗಳಿಗೆ 15 ಸಾವಿರದಷ್ಟು ಖೋತಾ.

ಹಾಗಾದರೆ ಹೋಗುವುದೇಕೆ? ಧಾರವಾಡದಲ್ಲಿ ಈ ಕೆಲಸ ಹೋದರೆ ನನ್ನ ಅನುಭವಕ್ಕೆ ತಕ್ಕ ಕೆಲಸ ಕೊಡುವ ಕಾರ್ಖಾನೆಗಳು ಬೆರಳೆಣಿಕೆಯಷ್ಟು. ಚಾಕಣ, ಭೋಸರಿ, ತಳೇಗಾಂವ್, ರಾಂಜಣಗಾಂವ್ ಸುತ್ತ ವಾಹನ ಉದ್ಯಮದ್ದೇ ಒಂದು ಲೋಕವಿದೆ. ಒಂದು ಗೇಟು ಮುಚ್ಚಿದರೆ ಪಕ್ಕದ ಗೇಟು ತಟ್ಟಬಹುದು. ನನಗೆ ವಯಸ್ಸು ನಲವತ್ತೆರಡು. ಐವತ್ತರ ಹೊತ್ತಿಗೆ ಕೆಲಸ ಹೋದರೆ ಎಲ್ಲಿ ನಿಂತಿರಬೇಕು ಎಂದು ಕೇಳಿಕೊಂಡಾಗ ಉತ್ತರ ಚಾಕಣ ಎಂದೇ ಬಂತು. ಸಂಬಳ ಹೆಚ್ಚಾಗುತ್ತದೆ ಎಂದು ಹೋಗಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಆದರೆ ನಮ್ಮ ವಿಷಯದಲ್ಲಿ ಸಂಬಳದ ಕಾರಣ ಲೆಕ್ಕದ ಹಾಳೆಯಲ್ಲಿ ನಿಲ್ಲಲೇ ಇಲ್ಲ.

ಕೆಲಸಕ್ಕೆ ಹೂಂ ಆಯಿತು. ಎರಡನೆಯ ತೀರ್ಮಾನ ಬಾಕಿ.

ದಸರಾ ರಜೆಯಲ್ಲಿ ನಾಲ್ವರೂ ಹೋಗಿ ಮೋಶಿಯಲ್ಲಿ ದಿನಬಾಡಿಗೆಯ ಫ್ಲ್ಯಾಟಿನಲ್ಲಿ ಉಳಿದೆವು. ನಮ್ಮಲ್ಲಿ ದಸರೆಗೆ ರಜೆ, ಮಹಾರಾಷ್ಟ್ರದ ಶಾಲೆಗಳಿಗೆ ದೊಡ್ಡ ರಜೆ ದೀಪಾವಳಿಗೆ. ಹಾಗಾಗಿ ಅಲ್ಲಿಯ ಶಾಲೆಗಳು ನಡೆಯುತ್ತಿದ್ದವು, ಖಾಲಿ ಕಟ್ಟಡದ ಬದಲು ತರಗತಿಗಳನ್ನೇ ನೋಡಿದೆವು. ಶನಿವಾರವಾಡೆ, ಸಿಂಹಗಡ ಯಾವುದನ್ನೂ ನೋಡಲಿಲ್ಲ. ಮಗ ಇದಕ್ಕೆ ಇನ್ನೂ ನನ್ನನ್ನು ಕ್ಷಮಿಸಿಲ್ಲ. ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ಕಾರ್ಖಾನೆಯ ಗೇಟಿನಿಂದ ಮೋಶಿಗೆ ನಾಶಿಕ್ ರಸ್ತೆಯಲ್ಲಿ ಬಂದೆ. ದೂರ ನೋಡಿ ಮನೆ ಹಿಡಿಯುವವರು ಆ ರಸ್ತೆಯನ್ನು ಆ ಹೊತ್ತಿನಲ್ಲಿ ಒಮ್ಮೆ ನೋಡಬೇಕು. ಸೊಸೈಟಿಯ ಕಾರ್ಯದರ್ಶಿಯನ್ನು ಬೇಸಿಗೆಯ ಟ್ಯಾಂಕರ್ ಬಿಲ್ ಎಷ್ಟು ಎಂದು ಕೇಳಿದೆ. ಪಿಂಪ್ರಿ-ಚಿಂಚವಡ ಪಾಲಿಕೆ 2019ರ ಕೊನೆಯಿಂದ ದಿನ ಬಿಟ್ಟು ದಿನ ನೀರು ಬಿಡುತ್ತಿದೆ ಎಂದು ಆತ ಬೇಸರದಿಂದ ಹೇಳುವಾಗ ನಮ್ಮಾಕೆಗೆ ನಗು ತಡೆಯಲಾಗಲಿಲ್ಲ. ಧಾರವಾಡದ ನಮ್ಮ ಓಣಿಗೆ ನಳ ಬರುವುದು ನಾಲ್ಕೈದು ದಿನಕ್ಕೊಮ್ಮೆ.

‘ಪುಣೆ ಅಂದ್ರ ನಮ್ಮೂರ ಇದ್ದಂಗ’ ಎಂದು ಹೇಳಿದವರು ಬಹಳ. ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ ಅಲ್ಲಿ 1953ರಿಂದ ಸಂಗೀತೋತ್ಸವ ನಡೆಯುತ್ತದೆ, ಭೀಮಸೇನ ಜೋಶಿಯವರು ಬದುಕಿದ್ದು ಅಲ್ಲೇ, ಕನ್ನಡ ಸಂಘವಿದೆ. ಎಲ್ಲ ನಿಜ. ಆದರೆ ಅದು ಹಳೆಯ ಪುಣೆ. ಮೋಶಿ, ಚಾಕಣದಲ್ಲಿ ನಮ್ಮ ಹಾಗೆ ಹೊಟ್ಟೆಪಾಡಿಗೆ ಎಲ್ಲೆಲ್ಲಿಂದಲೋ ಬಂದವರೇ ಹೆಚ್ಚು. ಈ ಸಮಾಧಾನಗಳನ್ನು ಹಾಳೆಯ ಯಾವ ಕಡೆಗೂ ಬರೆಯಲಿಲ್ಲ.

ಮಕ್ಕಳ ಓದಿಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಟ್ಟೆವು. ಮಗಳು ಏಳನೆಯ, ಮಗ ಎರಡನೆಯ ತರಗತಿ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯಂತೆ ಎಲ್ಲ ಬೋರ್ಡಿನ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಹಿಂದಿ ಓದಿದವಳಿಗೆ ಲಿಪಿ ಹೊಸದಲ್ಲ, ಅದೇನೂ ನಮ್ಮನ್ನು ಹೆದರಿಸಲಿಲ್ಲ. ಚಿಂತೆ ಇದ್ದದ್ದು ಸಿಇಟಿಯದು. ಕರ್ನಾಟಕದ ಸೀಟಿಗೆ ಸಾಮಾನ್ಯ ಅರ್ಹತೆ ಎಂದರೆ ಒಂದನೆಯ ತರಗತಿಯಿಂದ ದ್ವಿತೀಯ ಪಿಯುವರೆಗೆ ಕನಿಷ್ಠ ಏಳು ವರ್ಷ ರಾಜ್ಯದಲ್ಲಿ ಓದಿರಬೇಕು, ಜೊತೆಗೆ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯು ಇಲ್ಲಿಂದಲೇ ಪಾಸಾಗಿರಬೇಕು. ಏಳನೆಯದನ್ನು ಧಾರವಾಡದಲ್ಲೇ ಮುಗಿಸಿದರೆ ಮಗಳ ಏಳು ವರ್ಷ ಅಲ್ಲಿಗೆ ಭರ್ತಿ. ಪಿಯುಗೆ ವಾಪಸು ಬಂದರೆ ಎರಡನೆಯ ಷರತ್ತೂ ಮುಗಿಯುತ್ತದೆ. ನಡುವರ್ಷದಲ್ಲಿ ಎಬ್ಬಿಸಿದ್ದರೆ ಆರೇ ವರ್ಷವಾಗಿ, ಏಳು ತುಂಬಲು ಪಿಯುವಿನ ವರ್ಷಗಳನ್ನೇ ನೆಚ್ಚಬೇಕಾಗುತ್ತಿತ್ತು. ಏಪ್ರಿಲ್‌ವರೆಗೆ ಮನೆಮಂದಿ ಕದಲುವುದಿಲ್ಲ ಎಂಬುದು ಅಲ್ಲೇ ನಿಕ್ಕಿಯಾಯಿತು. ಮಹಾರಾಷ್ಟ್ರದ ರಾಜ್ಯ ಬೋರ್ಡಿನ ಶಾಲೆಗಳು ಶುರುವಾಗುವುದು ಜೂನ್ ಮಧ್ಯಕ್ಕೆ, ಸಿಬಿಎಸ್‌ಇಗೆ ಏಪ್ರಿಲ್ಲಿನಲ್ಲೇ. ನಮಗೆ ರಾಜ್ಯ ಬೋರ್ಡೇ ಹೊಂದಿತು. ಹೊರರಾಜ್ಯಕ್ಕೆ ಹೋಗುವಾಗ ಟಿಸಿಗೆ ಬಿಇಒ ಮೇಲುಸಹಿ ಹಾಕಿಸಿಕೊಳ್ಳಿ, ರಜೆ ಬಿದ್ದ ಮೇಲೆ ಓಡಾಡುವುದು ಕಷ್ಟ.

ಅವ್ವನನ್ನು ಕೇಳಿದರೆ ‘ನನ್ನೇನ್ ಕೇಳ್ತಿ, ನಿಮ್ಮ ಹೊಟ್ಟಿಪಾಡು ನೀವು ನೋಡ್ರಿ’ ಅಂದಳು. ಹೆಂಡತಿ ಒಬ್ಬಳೇ ಕೂತು ಕೇಳಿದಾಗ ನಿಜವಾದ ಉತ್ತರ ಬಂತು: ಮನೆ ಬಿಟ್ಟು ಬರುವುದಿಲ್ಲ, ಒಬ್ಬಳೇ ಇರುವುದಕ್ಕೂ ಆಗುವುದಿಲ್ಲ. ಹುಬ್ಬಳ್ಳಿಯಲ್ಲಿ ಬಾಡಿಗೆಗಿದ್ದ ನನ್ನ ತಮ್ಮ, ಹೆಂಡತಿ-ಮಗುವಿನೊಂದಿಗೆ ನಮ್ಮ ಮನೆಗೆ ಬರಲು ಒಪ್ಪಿದ. ಚಿಗರಿ ಬಸ್ಸಿನಲ್ಲಿ ದಿನಾ ಓಡಾಡುತ್ತಾನೆ. ಅವ್ವನ ಸಕ್ಕರೆ ಕಾಯಿಲೆಯ ಡಾಕ್ಟರು, ಓಣಿ, ಗೆಳತಿಯರು ಹಾಗೆಯೇ ಉಳಿದರು. ಆತ ಒಪ್ಪದಿದ್ದರೆ ನಾವು ಹೋಗುತ್ತಿರಲಿಲ್ಲ.

ಇಷ್ಟಾದರೂ ನಾನೊಬ್ಬನೇ ಅಲ್ಲಿ, ಇವರೆಲ್ಲ ಇಲ್ಲೇ ಎಂಬ ದಾರಿ ತೆರೆದೇ ಇತ್ತು. ಅದನ್ನು ಮುಚ್ಚಿದ್ದು ಗುರುವಾರ. ಚಾಕಣ, ಭೋಸರಿ ಕಡೆಯ ಬಹಳಷ್ಟು ಕಾರ್ಖಾನೆಗಳಿಗೆ ವಾರದ ರಜೆ ಭಾನುವಾರವಲ್ಲ, ಗುರುವಾರ. ಆಫರ್ ಲೆಟರಿನಲ್ಲಿ ಇದಿರಲಿಲ್ಲ, ಎಚ್‌ಆರ್‌ನವರನ್ನು ಕೇಳಿದಾಗ ಹೇಳಿದರು. ನಾನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ ಬುಧವಾರ ರಾತ್ರಿ ಸ್ಲೀಪರ್ ಬಸ್ಸಿನಲ್ಲಿ ಬಂದರೆ, ನಾನು ಮನೆಯಲ್ಲಿರುವ ಹಗಲಿನಲ್ಲಿ ಮಕ್ಕಳು ಶಾಲೆಯಲ್ಲಿ. ರಾತ್ರಿ ಮತ್ತೆ ಬಸ್ಸು. 2024ರ ಸೆಪ್ಟೆಂಬರಿನಲ್ಲಿ ಶುರುವಾದ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಧಾರವಾಡದಲ್ಲಿ ನಿಲ್ಲುತ್ತದೆ, ಆದರೆ ವಾರಕ್ಕೆ ಮೂರೇ ದಿನ, ಅದೂ ಪುಣೆಯಿಂದ ಮಧ್ಯಾಹ್ನ ಹೊರಡುತ್ತದೆ. ಕೆಲಸ ಮಾಡುವವನಿಗೆ ಉಪಯೋಗವಿಲ್ಲ. ಕೆಲವು ತಿಂಗಳ ಮಟ್ಟಿಗೆ ಸೈ, ವರ್ಷಗಟ್ಟಲೆ ಇದು ನಡೆಯದು ಎಂದು ಇಬ್ಬರಿಗೂ ಅನಿಸಿತು.

ಅಲ್ಲಿಂದ ಎಚ್‌ಆರ್ ಜೊತೆ ಚೌಕಾಸಿ. ವೇರಿಯಬಲ್ ತಗ್ಗಿಸಲು ಒಪ್ಪಲಿಲ್ಲ. ಮೂರು ತಿಂಗಳ ನೋಟಿಸಿನಲ್ಲಿ ಒಂದು ತಿಂಗಳ ದುಡ್ಡು ಕಟ್ಟಿಕೊಡಲು, ಸಾಮಾನಿನ ಲಾರಿ ಖರ್ಚು ಕೊಡಲು ಒಪ್ಪಿದರು. ಲಾರಿಯನ್ನು ಸೇರಿದ ದಿನಕ್ಕೆ ಬದಲು ಬೇಸಿಗೆಗೆ ಬಳಸಿಕೊಳ್ಳುತ್ತೇನೆ ಎಂದು ಬರೆಸಿಕೊಂಡೆ, ಬಾಯಿಮಾತಿಗೆ ಬಿಡಲಿಲ್ಲ. ಒಂದು ವರ್ಷದೊಳಗೆ ಬಿಟ್ಟರೆ ಆ ಖರ್ಚೆಲ್ಲ ವಾಪಸು ಕೊಡಬೇಕು ಎಂಬ ಷರತ್ತು ಲೆಟರಿನ ಕೊನೆಯ ಪುಟದಲ್ಲಿರುತ್ತದೆ, ಓದಿಯೇ ಸಹಿ ಹಾಕಿ. ಹಳೆಯ ಕೆಲಸದಲ್ಲಿ ಐದು ವರ್ಷ ದಾಟಿದ್ದರಿಂದ ಗ್ರಾಚ್ಯುಟಿ ಕೈಗೆ ಬಂತು. ಮೊದಲ ವರ್ಷದ ಖೋತಾ ತುಂಬಲು ಅದನ್ನೇ ಬೇರೆ ಖಾತೆಯಲ್ಲಿಟ್ಟೆವು. ಪಿಎಫ್‌ಗೆ ಯುಎಎನ್, ಅಂದರೆ ಕೆಲಸ ಬದಲಾದರೂ ಬದಲಾಗದ ಸಂಖ್ಯೆ, ಒಂದೇ; ಹೊಸ ಖಾತೆಗೆ ವರ್ಗವಾಯಿತು, ಅದರಲ್ಲಿ ತಲೆನೋವಿರಲಿಲ್ಲ.

ಡಿಸೆಂಬರಿನಲ್ಲಿ ನಾನು ಹೋದೆ. ಚಾಕಣದಲ್ಲಿ ಕೋಣೆ ಹಂಚಿಕೊಂಡು ಪ್ರೊಬೇಷನ್ ಕಳೆದೆ. ಮೇ ಕೊನೆಯಲ್ಲಿ ಮನೆಮಂದಿ ಬಂದರು. ಸ್ಕೂಟರ್ ತಮ್ಮನಿಗೇ ಬಿಟ್ಟೆವು. ಕಾರಿಗೆ ಆರ್‌ಟಿಒದಿಂದ ಎನ್‌ಒಸಿ ಪಡೆದೆ; ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮರುನೋಂದಣಿ ಮಾಡಿಸಬೇಕು, ಅಲ್ಲಿಯ ತೆರಿಗೆಯನ್ನೂ ಕಟ್ಟಬೇಕು. ಹೊಲಿಗೆ ಯಂತ್ರ ಲಾರಿಯ ಕೊನೆಯಲ್ಲಿ ಏರಿ ಮೊದಲು ಇಳಿಯಿತು. ಸೊಸೈಟಿಯ ಗಣಪತಿ ಹಬ್ಬಕ್ಕೆ ಆಕೆ ಉಟ್ಟ ಕಸೂತಿ ಸೀರೆ ನೋಡಿ ಕೇಳಿದವರಿಂದ ಆರ್ಡರ್ ಶುರುವಾಗಿದೆ. ಧಾರವಾಡದ ಆ ಇಬ್ಬರು ಕಸೂತಿ ಹಾಕಿ ಬಸ್ ಪಾರ್ಸೆಲ್ಲಿನಲ್ಲಿ ಕಳಿಸುತ್ತಾರೆ. ಹಳೆಯ 14 ಸಾವಿರಕ್ಕೆ ಇನ್ನೂ ದೂರವಿದೆ.

ಮಗನ ಲೆಕ್ಕ ಬಾಕಿಯಿದೆ. ಅವನ ಹೆಸರಿನಲ್ಲಿ ಕರ್ನಾಟಕದ ಎರಡೇ ವರ್ಷ. ಏಳು ಆಗಬೇಕೆಂದರೆ ಎಂಟನೆಯ ತರಗತಿಗೆ ವಾಪಸು ಬರಬೇಕು, ಅದು ಐದು ವರ್ಷದ ಮಾತು. ಮಗಳ ಪಿಯು ಮೂರು ವರ್ಷಕ್ಕೇ ಬರುತ್ತದೆ. ಅಷ್ಟರೊಳಗೆ ಸಿಇಟಿ ನಿಯಮವೇ ಬದಲಾಗಬಹುದು, ಅದಕ್ಕೆ ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಿಕೆಯನ್ನು ವರ್ಷಾವರ್ಷ ನೋಡುತ್ತೇವೆ. ಸದ್ಯಕ್ಕೆ ಮಗಳು ಪಿಯುಗೆ ಅಜ್ಜಿಯ ಹತ್ತಿರ ಇರುತ್ತಾಳೆ ಎಂದು ಬರೆದಿಟ್ಟಿದ್ದೇವೆ. ಮಗಳು ಮಾತ್ರ ಇದಕ್ಕಿನ್ನೂ ಹೂಂ ಅಂದಿಲ್ಲ.