‘ಟೈಮ್ ಔಟ್’ ಆಲ್ಬಂನ ತಾಳಗಳನ್ನು ಕೈಯಲ್ಲಿ ಹಾಕುತ್ತ ಕೇಳುವ ಬಗೆ

ಅಮೆರಿಕದ ಪಿಯಾನೊ ವಾದಕ ಡೇವ್ ಬ್ರೂಬೆಕ್ ಅವರ ನಾಲ್ವರ ಜಾಝ್ ತಂಡವಾದ ಡೇವ್ ಬ್ರೂಬೆಕ್ ಕ್ವಾರ್ಟೆಟ್ 1959ರಲ್ಲಿ ಹೊರತಂದ ‘ಟೈಮ್ ಔಟ್’ ಕಿವಿಗೆ ಎಷ್ಟು ಹಗುರವಾಗಿದೆಯೆಂದರೆ, ಅದರ ಲೆಕ್ಕ ಎಲ್ಲಿ ವಕ್ರವಾಗಿದೆ ಎಂಬುದು ಹತ್ತಾರು ಬಾರಿ ಕೇಳಿದವರಿಗೂ ತಿಳಿದಿರುವುದಿಲ್ಲ. ಅಂದಿನ ಜಾಝ್ ಬಹುಮಟ್ಟಿಗೆ ನಾಲ್ಕು ಮಾತ್ರೆಗಳ (ಸಮ ಅಂತರದ ಎಣಿಕೆಗಳ) ಆವರ್ತದಲ್ಲಿಯೇ, ಅಂದರೆ ಮರಳಿ ಮರಳಿ ಬರುವ ತಾಳದ ಸುತ್ತಿನಲ್ಲಿಯೇ, ನಡೆಯುತ್ತಿದ್ದಾಗ, ಈ ಆಲ್ಬಂನ ಏಳು ರಚನೆಗಳಲ್ಲಿ ಹಲವು ಐದು, ಆರು, ಒಂಬತ್ತು ಮಾತ್ರೆಗಳ ಕಡೆಗೆ ಹೊರಳಿದವು. ಅವುಗಳ ಎಣಿಕೆಯನ್ನು ಹಿಡಿಯಲು ಪಾಶ್ಚಾತ್ಯ ಸ್ವರಲಿಪಿಯ ಪರಿಚಯ ಬೇಕಿಲ್ಲ. ‘ತಕ’ ಎಂದರೆ ಎರಡು, ‘ತಕಿಟ’ ಎಂದರೆ ಮೂರು, ‘ತಕಧಿಮಿ’ ಎಂದರೆ ನಾಲ್ಕು ಎಂಬಷ್ಟು ಗೊತ್ತಿದ್ದರೆ ಸಾಕು.

ಮೊದಲು ಒಂದು ಅಭ್ಯಾಸವನ್ನು ಬಿಡಬೇಕು. ‘ಒಂದು, ಎರಡು, ಮೂರು’ ಎಂದು ಅಂಕಿಗಳಲ್ಲಿ ಎಣಿಸುತ್ತ ಹೋದರೆ ವೇಗ ಹೆಚ್ಚಿದ ಕಡೆ ನಾಲಿಗೆ ತೊಡರುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಎಣಿಕೆ ಎಲ್ಲ ಮಾತ್ರೆಗಳನ್ನೂ ಸಮಾನವೆಂದು ತೋರಿಸುತ್ತದೆ. ಇಲ್ಲಿನ ಸಂಗೀತಗಾರರು ಐದನ್ನು ಐದಾಗಿ ನುಡಿಸುತ್ತಿಲ್ಲ, ಎರಡು ಮತ್ತು ಮೂರರ ಗುಂಪುಗಳಾಗಿ ಒಡೆದು ನುಡಿಸುತ್ತಿದ್ದಾರೆ. ಆದ್ದರಿಂದ ಪ್ರತಿ ರಚನೆಯಲ್ಲಿಯೂ ಕೇಳಬೇಕಾದ ಪ್ರಶ್ನೆಗಳು ಎರಡೇ: ಆವರ್ತ ಹೇಗೆ ಒಡೆದಿದೆ, ಮತ್ತು ಆ ಒಡೆತವನ್ನು ಯಾವ ವಾದ್ಯ ಕೈಬಿಡದೆ ಹಿಡಿದುಕೊಂಡಿದೆ.

ಆಲ್ಬಂನಲ್ಲಿರುವ ಕ್ರಮ ಕಲಿಯುವುದಕ್ಕೆ ಅನುಕೂಲವಾದ ಕ್ರಮವಲ್ಲ, ಏಕೆಂದರೆ ಅತ್ಯಂತ ಕಠಿಣವಾದುದೇ ಅಲ್ಲಿ ಮೊದಲು ಬರುತ್ತದೆ. ಮೂರನೆಯ ರಚನೆಯಾದ ‘ಟೇಕ್ ಫೈವ್’ನಿಂದ ಆರಂಭಿಸಿ. ಆಲ್ಟೊ ಸ್ಯಾಕ್ಸೊಫೋನ್ ನುಡಿಸಿದ ಪಾಲ್ ಡೆಸ್ಮಂಡ್ ರಚಿಸಿದ ಇದರಲ್ಲಿ ಆವರ್ತಕ್ಕೆ ಐದು ಮಾತ್ರೆ. ಮೊದಲು ಜೋ ಮೊರೆಲ್ಲೊ ಅವರ ಡ್ರಮ್ಸ್ ಮಾತ್ರ ಕೇಳಿಸುತ್ತದೆ, ಬಳಿಕ ಪಿಯಾನೊ ಸೇರುತ್ತದೆ. ನೀವು ಹಿಡಿಯಬೇಕಾದದ್ದು ಈ ಪಿಯಾನೊವನ್ನು. ಬ್ರೂಬೆಕ್ ಒಂದು ಸ್ವರಮೇಳವನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪನ್ನು) ಮೊದಲ ಮೂರು ಮಾತ್ರೆಗಳಿಗೂ ಇನ್ನೊಂದನ್ನು ಉಳಿದ ಎರಡಕ್ಕೂ ಇಟ್ಟುಕೊಂಡು, ಅದೇ ನಡೆಯನ್ನು ರಚನೆಯ ಉದ್ದಕ್ಕೂ ಮರಳಿ ಮರಳಿ ನುಡಿಸುತ್ತಾರೆ. ಆದ್ದರಿಂದ ಇದರ ಸೊಲ್ಲು ‘ತಕಿಟ ತಕ’. ತಾಳ ಬಲ್ಲವರೇ ಇಲ್ಲಿ ಹೆಚ್ಚಾಗಿ ಎಡವುವುದುಂಟು: ಐದು ಎಂದೊಡನೆ ಅವರ ಕೈ ತಾನಾಗಿಯೇ ಕರ್ನಾಟಕ ಸಂಗೀತದ ಐದು ಮಾತ್ರೆಗಳ ತಾಳವಾದ ಖಂಡ ಚಾಪುವಿನ ‘ತಕ ತಕಿಟ’ ಹಾಕಲು ತೊಡಗುತ್ತದೆ. ಒಟ್ಟು ಮಾತ್ರೆಗಳು ಸರಿಯಾಗಿಯೇ ಇರುತ್ತವೆ, ಆದರೆ ಸ್ವರಮೇಳ ಬದಲಾಗುವ ಜಾಗಕ್ಕೆ ಪೆಟ್ಟು ಬೀಳುವುದಿಲ್ಲ. ಒಂದನೆಯ ಮತ್ತು ನಾಲ್ಕನೆಯ ಮಾತ್ರೆಗೆ ಮಾತ್ರ ಪೆಟ್ಟು ಹಾಕಿ, ಉಳಿದವನ್ನು ಬಾಯಲ್ಲಿ ಹೇಳಿಕೊಳ್ಳಿ. ಸ್ವಿಂಗ್, ಅಂದರೆ ಜಾಝ್‌ನ ತೂಗಾಡುವ ನಡೆ, ಇರುವುದರಿಂದ ಮಾತ್ರೆಯ ಒಳಗಿನ ಎರಡು ಅರ್ಧಗಳು ಸಮನಾಗಿರುವುದಿಲ್ಲ, ಮೊದಲನೆಯದು ತುಸು ಉದ್ದವಾಗಿರುತ್ತದೆ ಎಂಬುದನ್ನೂ ನೆನಪಿನಲ್ಲಿಡಿ. ಸೊಲ್ಲನ್ನು ತೀರ ಬಿಗಿಯಾಗಿ ಉಚ್ಚರಿಸಿದರೆ ಲೆಕ್ಕ ಸರಿಹೊಂದಿದರೂ ಸಂಗೀತ ಹೊಂದುವುದಿಲ್ಲ.

ಐದು ಕೈಗೆ ಒಗ್ಗಿದ ಮೇಲೆ ‘ತ್ರೀ ಟು ಗೆಟ್ ರೆಡಿ’ಗೆ ಬನ್ನಿ. ಇದು ಮೂರು ಮಾತ್ರೆಗಳ ಸರಳ ವಾಲ್ಟ್ಜ್ ನೃತ್ಯದಂತೆ ತೊಡಗಿ, ಸ್ವಲ್ಪದರಲ್ಲಿಯೇ ಮೂರರ ಎರಡು ಆವರ್ತ, ನಾಲ್ಕರ ಎರಡು ಆವರ್ತ ಎಂಬ ಸರದಿಗೆ ತಿರುಗುತ್ತದೆ. ‘ತಕಿಟ ತಕಿಟ ತಕಧಿಮಿ ತಕಧಿಮಿ’ ಎಂದು ಹೇಳಿಕೊಂಡು ಇಡೀ ಹದಿನಾಲ್ಕು ಮಾತ್ರೆಗಳನ್ನು ಒಂದೇ ಉಸಿರಿನ ವಾಕ್ಯವಾಗಿ ಭಾವಿಸಿದರೆ, ಸರದಿ ಬದಲಾಗುವ ಜಾಗದಲ್ಲಿ ಬೆಚ್ಚಿಬೀಳಬೇಕಾಗಿಲ್ಲ. ನನ್ನ ಮಟ್ಟಿಗೆ ಆಲ್ಬಂನಲ್ಲಿ ಅತ್ಯಂತ ತುಂಟತನದ ರಚನೆ ಇದೇ.

ಮೊದಲ ರಚನೆಯಾದ ‘ಬ್ಲೂ ರಾಂಡೊ ಆ ಲಾ ಟರ್ಕ್’ಗೆ ಈಗ ಹಿಂದಿರುಗಬಹುದು. 1958ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಏರ್ಪಡಿಸಿದ ಪ್ರವಾಸದಲ್ಲಿ (ಭಾರತಕ್ಕೂ ಬಂದಿದ್ದ ಪ್ರವಾಸವದು) ಬ್ರೂಬೆಕ್ ಇಸ್ತಾಂಬುಲ್‌ನ ಬೀದಿ ವಾದಕರಿಂದ ಒಂಬತ್ತು ಮಾತ್ರೆಗಳ ಒಂದು ಲಯವನ್ನು ಕೇಳಿದರು. ಇಂತಹ ಲಯಗಳಿಗೆ ತುರ್ಕಿಯಲ್ಲಿ ‘ಅಕ್ಸಾಕ್’, ಅಂದರೆ ಕುಂಟುವುದು, ಎಂಬ ಹೆಸರಿದೆ. ಎರಡು, ಎರಡು, ಎರಡು ಎಂದು ಹೆಜ್ಜೆ ಹಾಕಿ ಕೊನೆಯ ಹೆಜ್ಜೆಯನ್ನು ಮೂರಕ್ಕೆ ಎಳೆಯುವುದರಿಂದ ಆ ಹೆಸರು ಇಲ್ಲಿ ಒಪ್ಪುತ್ತದೆ. ಇದು ಬಹಳ ವೇಗವಾಗಿರುವುದರಿಂದ ಪ್ರತಿ ಮಾತ್ರೆಯನ್ನೂ ಎಣಿಸಲು ಹೋಗದೆ, ‘ತಕ ತಕ ತಕ ತಕಿಟ’ ಎಂಬುದರಲ್ಲಿ ಪ್ರತಿ ಗುಂಪಿನ ಮೊದಲ ಅಕ್ಷರಕ್ಕಷ್ಟೇ ಪೆಟ್ಟು ಹಾಕಿ. ಆವರ್ತಕ್ಕೆ ನಾಲ್ಕು ಪೆಟ್ಟು, ಕೊನೆಯದು ಉದ್ದ. ಹೀಗೆ ಮೂರು ಆವರ್ತಗಳಾದ ಮೇಲೆ ನಾಲ್ಕನೆಯದು ‘ತಕಿಟ ತಕಿಟ ತಕಿಟ’ ಎಂದು ಬದಲಾಗುತ್ತದೆ: ಒಂಬತ್ತು ಅದೇ ಒಂಬತ್ತು, ಪೆಟ್ಟುಗಳು ಮಾತ್ರ ಮೂರು. ಕೈಯಲ್ಲಿ ನಾಲ್ಕು, ನಾಲ್ಕು, ನಾಲ್ಕು, ಮೂರು ಎಂಬ ಪೆಟ್ಟುಗಳ ಲೆಕ್ಕವೊಂದನ್ನೇ ಇಟ್ಟುಕೊಂಡರೆ ದಾರಿ ತಪ್ಪುವುದಿಲ್ಲ. ಮುಂದೆ ಒಂಬತ್ತರ ತುಣುಕುಗಳೂ ನಾಲ್ಕರ ಸ್ವಿಂಗ್ ತುಣುಕುಗಳೂ ಕೆಲಹೊತ್ತು ಪರಸ್ಪರ ಮಾತು ಕತ್ತರಿಸಿಕೊಳ್ಳುತ್ತವೆ. ಅನಂತರ ನಾಲ್ಕು ಗೆದ್ದು, ಸ್ಯಾಕ್ಸೊಫೋನ್ ಮತ್ತು ಪಿಯಾನೊಗಳ ಮನೋಧರ್ಮವೆಲ್ಲ (ಆ ಕ್ಷಣಕ್ಕೆ ಕಲ್ಪಿಸಿ ನುಡಿಸುವುದೆಲ್ಲ) ಜಾಝ್‌ಗೆ ಚಿರಪರಿಚಿತವಾದ ಬ್ಲೂಸ್ ಎಂಬ ಹಾಡಿನ ಚೌಕಟ್ಟಿನಲ್ಲಿ ನಡೆಯುತ್ತದೆ. ಒಂಬತ್ತರಲ್ಲಿ ಮನೋಧರ್ಮವನ್ನೇ ಬೆಳೆಸದಿದ್ದುದು ಧೈರ್ಯದ ಕೊರತೆಯೆಂದು ಕೆಲವರಿಗೆ ಅನ್ನಿಸಬಹುದು, ಆದರೆ ಕೇಳುಗನ ದೃಷ್ಟಿಯಿಂದ ಅದೊಂದು ವಿಶ್ರಾಂತಿ. ಕೊನೆಯಲ್ಲಿ ಒಂಬತ್ತು ಮರಳಿ ಬಂದಾಗ ಕೈ ಸಿದ್ಧವಾಗಿರುತ್ತದೆ.

ಉಳಿದವುಗಳಿಗೆ ಇಷ್ಟು ಶ್ರಮ ಬೇಡ. ‘ಎವೆರಿಬಡೀಸ್ ಜಂಪಿನ್’ ಮತ್ತು ‘ಪಿಕ್ ಅಪ್ ಸ್ಟಿಕ್ಸ್’ ಎರಡೂ ಆರರ ಎಣಿಕೆಯವು. ಎರಡನೆಯದರಲ್ಲಿ ಯೂಜೀನ್ ರೈಟ್ ಅವರ ಬಾಸ್ ಒಂದೇ ಓಟವನ್ನು ಬಿಡದೆ ಪುನರಾವರ್ತಿಸುವುದರಿಂದ ಕಿವಿಯನ್ನು ಅದಕ್ಕೆ ಕೊಟ್ಟರೆ ಸಾಕು. ‘ಕ್ಯಾಥೀಸ್ ವಾಲ್ಟ್ಜ್’ ಹೆಸರಿಗೆ ವಾಲ್ಟ್ಜ್ ಆದರೂ ನಾಲ್ಕರಲ್ಲಿ ಆರಂಭವಾಗಿ ಆಮೇಲೆ ಮೂರಕ್ಕೆ ಹೊರಳುತ್ತದೆ. ‘ಸ್ಟ್ರೇಂಜ್ ಮೆಡೋ ಲಾರ್ಕ್’ನ ಆರಂಭದ ಪಿಯಾನೊ ಆಲಾಪನೆಯಂತೆ ತಾಳದ ಕಟ್ಟಿಲ್ಲದೆ ಹರಿಯುವುದರಿಂದ ಅಲ್ಲಿ ಕೈ ಸುಮ್ಮನಿರಲಿ.

ನಿಮ್ಮ ಎಣಿಕೆ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಲು ‘ಟೇಕ್ ಫೈವ್’ನ ಡ್ರಮ್ಸ್ ತನಿಗೆ (ಡ್ರಮ್ಸ್ ಮುನ್ನೆಲೆಗೆ ಬರುವ ಭಾಗಕ್ಕೆ) ಮರಳಿ. ಮೊರೆಲ್ಲೊ ಅಲ್ಲಿ ಆವರ್ತದ ಗಡಿಗಳನ್ನು ಬೇಕೆಂದೇ ದಾಟುತ್ತ, ನಡುನಡುವೆ ಮೌನ ಬಿಡುತ್ತ ನುಡಿಸುತ್ತಾರೆ; ಹಿಂದೆ ಪಿಯಾನೊ ಮಾತ್ರ ತನ್ನ ‘ತಕಿಟ ತಕ’ವನ್ನು ಮೆಲ್ಲಗೆ ಮುಂದುವರಿಸುತ್ತಿರುತ್ತದೆ. ಅದು ಚೆನ್ನಾಗಿ ಕಿವಿಗೆ ಸಿಕ್ಕಿದ ಮೇಲೆ ಧ್ವನಿಯನ್ನು ಪೂರ್ತಿ ತಗ್ಗಿಸಿ, ನಾಲ್ಕು ಆವರ್ತಗಳಷ್ಟು ಕಾಲ ಕೈತಾಳವನ್ನು ನೀವೇ ನಡೆಸಿ, ಬಳಿಕ ಧ್ವನಿಯನ್ನು ಏರಿಸಿ. ಪಿಯಾನೊದ ಮೊದಲ ಸ್ವರಮೇಳ ನಿಮ್ಮ ಮೊದಲ ಪೆಟ್ಟಿನೊಡನೆ ಬಿದ್ದರೆ ಲೆಕ್ಕ ಸರಿಯಾಗಿದೆ. ನಿಮ್ಮ ಪೆಟ್ಟು ತಡವಾಗಿ ಬಿದ್ದರೆ ಕೊನೆಯ ‘ತಕ’ವನ್ನು ಗಮನಿಸಿ: ಹಳೆಯ ರೂಢಿಯಿಂದ ಕೈ ಅದನ್ನೂ ‘ತಕಿಟ’ವೆಂದು ಎಳೆದು ಆರನೆಯ ಮಾತ್ರೆಯೊಂದನ್ನು ಸೇರಿಸಿರುವ ಸಾಧ್ಯತೆಯೇ ಹೆಚ್ಚು.