ಸೂಪರ್ ಮಾರ್ಕೆಟ್‌ಗೆ ಟೊಮೆಟೊ: ಔಷಧಿಗೂ ಮೊದಲು ಷರತ್ತು ನೋಡಿ

ಮೈಸೂರು ಸುತ್ತಿನ ಟೊಮೆಟೊ ಬೆಳೆಗಾರರಿಗೆ ಬಂಡೀಪಾಳ್ಯದ ಎಪಿಎಂಸಿಯಷ್ಟೇ ಅಲ್ಲ, ಸೂಪರ್ ಮಾರ್ಕೆಟ್‌ಗಳ ಸಂಗ್ರಹ ಕೇಂದ್ರವೂ ಒಂದು ದಾರಿ. ಅಲ್ಲಿಗೆ ಕೊಡುವುದಾದರೆ ಎಷ್ಟು ಸಲ ಔಷಧಿ ಹೊಡೆಯಬೇಕೆಂಬುದನ್ನು ಹುಳುವಿನ ಜೊತೆ ಖರೀದಿದಾರರ ಷರತ್ತೂ ತೀರ್ಮಾನಿಸುತ್ತದೆ.

1. ಸಸಿ ನೆಡುವ ಮುಂಚೆಯೇ ‘ಎ ಗ್ರೇಡ್’ ಎಂದರೇನೆಂದು ಬರೆಸಿಕೊಳ್ಳಿ: ಗಾತ್ರ, ಬಣ್ಣ, ಎಷ್ಟು ಗೀರು-ಚುಕ್ಕೆ ನಡೆಯುತ್ತದೆ. ಸಿಪ್ಪೆಯ ಮೇಲಿನ ಗೀರಿಗೇ ಕ್ರೇಟ್ ವಾಪಸ್ ಬರುವುದಾದರೆ, ಹುಳು ಕಾಣುವ ಮೊದಲೇ ‘ಯಾವುದಕ್ಕೂ ಇರಲಿ’ ಎಂದು ಪಂಪು ಹೆಗಲಿಗೇರುತ್ತದೆ. ಅನಗತ್ಯ ಸಿಂಪಡಣೆ ಶುರುವಾಗುವುದೇ ಇಲ್ಲಿ. ಗೀರಿನ ಕಾಯಿಯನ್ನು ಬಿ ಗ್ರೇಡ್ ದರಕ್ಕಾದರೂ ಎತ್ತುವ ಮಾತಾಗಲಿ. ಹುಳು ಕೊರೆದ ಕಾಯಿಗೆ ಮಾತ್ರ ವಾದ ಬೇಡ.

2. ಪ್ರತಿ 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂ ಹಾಕಿ. ನೆಡುವಾಗ ಚೆಂಡು ಹೂವಿನ ಸಸಿಗೆ 45 ದಿನ, ಟೊಮೆಟೊ ಸಸಿಗೆ 25 ದಿನ ಆಗಿರಬೇಕು. ಆಗ ಎರಡೂ ಒಟ್ಟಿಗೆ ಹೂ ಬಿಟ್ಟು, ಕಾಯಿಕೊರಕದ ಪತಂಗ ಟೊಮೆಟೊಗಿಂತ ಹೆಚ್ಚಾಗಿ ಚೆಂಡು ಹೂವಿನ ಮೇಲೆ ಮೊಟ್ಟೆಯಿಡುತ್ತದೆ. ಒಂದೇ ವಯಸ್ಸಿನ ಸಸಿ ನೆಟ್ಟರೆ ಉಪಯೋಗವಿಲ್ಲ.

3. ಹೆಚ್ಚು ಎಡವುವುದು ಕಾಯುವ ಅವಧಿಯಲ್ಲಿ, ಅಂದರೆ ಔಷಧಿ ಹೊಡೆದ ಮೇಲೆ ಕೀಳದೆ ಬಿಡಬೇಕಾದ ದಿನಗಳಲ್ಲಿ. ಕಾಯಿಕೊರಕಕ್ಕೆ ಹೊಡೆಯುವ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಟೊಮೆಟೊಗೆ ಎಕರೆಗೆ 60 ಮಿ.ಲೀ.; ಹೊಡೆದ ಮೇಲೆ 3 ದಿನ ಕೀಳುವಂತಿಲ್ಲ. ಆದರೆ ‘ನಾಳೆ ಬೆಳಿಗ್ಗೆ 30 ಕ್ರೇಟ್’ ಎಂಬ ಇಂಡೆಂಟ್ (ಖರೀದಿದಾರರ ಬೇಡಿಕೆ) ಸಂಜೆ ಬಂದರೆ? ಒಪ್ಪಿದರೆ ಔಷಧಿಯ ಶೇಷ ಉಳಿದ ಕಾಯಿ ಹೋಗುತ್ತದೆ, ಒಪ್ಪದಿದ್ದರೆ ಮುಂದಿನ ಇಂಡೆಂಟ್ ಬೇರೆಯವರಿಗೆ. ಹಾಗಾಗಿ ಇಂಡೆಂಟ್ ಕನಿಷ್ಠ ಮೂರು ದಿನ ಮೊದಲೇ ಬರಬೇಕೆಂದು ಕೇಳಿ, ಹೊಲವನ್ನು ಎರಡು ಭಾಗ ಮಾಡಿ: ಒಂದರಲ್ಲಿ ಸಿಂಪಡಣೆ, ಇನ್ನೊಂದರಲ್ಲಿ ಕೊಯ್ಲು. ಎರಡು ಔಷಧಿ ಹೊಡೆದಿದ್ದರೆ ಹೆಚ್ಚು ದಿನದ್ದೇ ಲೆಕ್ಕ. ಅಂಗಡಿಯವರು ಹೇಳಿದ ದಿನವಲ್ಲ, ಲೇಬಲ್ಲಿನದೇ ಅಂತಿಮ. ಲೇಬಲ್ಲಿನಲ್ಲಿ ಟೊಮೆಟೊ ಹೆಸರಿಲ್ಲದ ಔಷಧಿ ಬೇಡವೇ ಬೇಡ: ಬೆಳೆಗೆ ಶೇಷದ ಮಿತಿ ಗೊತ್ತುಪಡಿಸದ ಕಡೆ ಕೆ.ಜಿ.ಗೆ 0.01 ಮಿ.ಗ್ರಾಂ. ಶೇಷ ದಾಟಿದರೂ ಮಾಲು ಫೇಲ್. ತರಕಾರಿಗೆ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಅಂತೂ ನಿಷೇಧ.

4. ಔಷಧಿ, ಪ್ರಮಾಣ, ಹೊಡೆದ ದಿನ, ಕಿತ್ತ ದಿನ ಬರೆದಿಡಿ. ಕ್ರೇಟಿಗೆ ಹೊಲದ ಗುರುತು ಹಚ್ಚಿ. ಕೇಂದ್ರದಲ್ಲಿ ನಾಲ್ಕು ಹೊಲದ ಕಾಯಿ ಒಂದೇ ರಾಶಿಯಾದರೆ, ಪರೀಕ್ಷೆಯಲ್ಲಿ ಸಿಕ್ಕ ಶೇಷ ಯಾರದೆಂದು ಹೇಳಲಾಗದು, ಎಲ್ಲರ ಮಾಲೂ ವಾಪಸ್ ಬರುತ್ತದೆ.

5. ಇಂಡೆಂಟ್ ಕಡಿತವಾದ ದಿನ ಹಣ್ಣನ್ನು ಗಿಡದಲ್ಲೇ ಉಳಿಸಿಕೊಂಡು ಮತ್ತೆ ಸಿಂಪಡಿಸಬೇಡಿ. ಕಾಯುವ ಅವಧಿ ಮುಗಿದಿದ್ದರೆ ಕಿತ್ತು ಬಂಡೀಪಾಳ್ಯಕ್ಕೆ ಕಳಿಸಿ.